ಜನಪ್ರಿಯ ಗೀತೆಯ ಹಿಂದಿನ ಕರ್ತೃಗಳು ಮತ್ತು ಅವರ ಹಕ್ಕುಗಳು

ಯಶವಂತಪುರದ ಹೋಟೆಲು, ಹೆಬ್ಬಾಳದ ಮಳಿಗೆ, ಯಲಹಂಕದ ಸಭಾಂಗಣ, ಆರ್.ಟಿ. ನಗರದ ವ್ಯಾಯಾಮಶಾಲೆ – ಎಲ್ಲೆಡೆಯೂ ಗ್ರಾಹಕರನ್ನು ಸ್ವಾಗತಿಸುವುದು ಚಿತ್ರಗೀತೆಯೇ. ಜನರು ಗುರುತಿಸುವುದು ಗಾಯಕನ ಕಂಠವನ್ನು, ನಟನ ಮುಖವನ್ನು. ಆದರೆ ಗೀತೆಯೂ ಒಂದು ಸ್ವತ್ತು, ಅದಕ್ಕೆ ಒಡೆಯರಿದ್ದಾರೆ. ಈ ವಿಷಯದಲ್ಲಿ ಉದ್ಯಮಿಗಳು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಒಂದು ಗೀತೆ, ಮೂರು ಸ್ವತ್ತು

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗೀತೆಯ ಪದಗಳು ಸಾಹಿತ್ಯ ಕೃತಿ, ರಾಗಸಂಯೋಜನೆ ಸಂಗೀತ ಕೃತಿ, ಮುದ್ರಿತ ರೂಪವು ಧ್ವನಿಮುದ್ರಣ. 2006ರ ಡಿಸೆಂಬರಿನಲ್ಲಿ ತೆರೆಕಂಡ ‘ಮುಂಗಾರು ಮಳೆ’ಯನ್ನು ನೋಡಿ. ಅದರ ‘ಅನಿಸುತಿದೆ’ ಗೀತೆಯ ಸಾಹಿತ್ಯ ಜಯಂತ ಕಾಯ್ಕಿಣಿಯವರದು, ಸಂಗೀತ ಮನೋಮೂರ್ತಿಯವರದು, ಕಂಠ ಸೋನು ನಿಗಮ್ ಅವರದು. ಚಿತ್ರದ ನಿರ್ಮಾಪಕರು ಇ. ಕೃಷ್ಣಪ್ಪ. 1987ರ ‘ಪ್ರೇಮಲೋಕ’ದಲ್ಲಾದರೋ ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರವೇ. ಬೆಂಗಳೂರಿನ ಲಹರಿ ಸಂಸ್ಥೆಯು ಅದರ ಗೀತೆಗಳನ್ನು ಕ್ಯಾಸೆಟ್ಟುಗಳ ಮೂಲಕ ಮನೆಮನೆಗೂ ತಲುಪಿಸಿತು.

2. ಕಾಯಿದೆ ಬದಲಾದ ಬಗೆ

ಚಿತ್ರಕ್ಕಾಗಿ ಸಂಭಾವನೆ ಪಡೆದು ಗೀತೆ ರಚಿಸಿದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯನೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಪರಿಣಾಮವಾಗಿ ಕವಿಗೂ ಸಂಗೀತಗಾರನಿಗೂ ಒಮ್ಮೆ ದೊರೆತ ಸಂಭಾವನೆಯೇ ಸಾಮಾನ್ಯವಾಗಿ ಕೊನೆಯ ಗಳಿಕೆಯಾಯಿತು. ಗೀತೆ ದಶಕಗಳ ಕಾಲ ಗಳಿಸಿದರೂ ಅವರಿಗೆ ಪಾಲಿರಲಿಲ್ಲ.

2012ರ ತಿದ್ದುಪಡಿಯು ಈ ಅಸಮತೋಲನವನ್ನು ಸರಿಪಡಿಸಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ನಡೆಯುವ ಪ್ರದರ್ಶನವನ್ನು ಹೊರತುಪಡಿಸಿ, ಇತರ ಬಳಕೆಗಳಿಂದ ಬರುವ ರಾಯಧನದಲ್ಲಿ ಕರ್ತೃಗಳಿಗೆ ಸಮಪಾಲು ಸಲ್ಲಬೇಕು. ಈ ಹಕ್ಕನ್ನು ಕರ್ತೃವು ತಾನೇ ಬರೆದುಕೊಟ್ಟರೂ ಆ ಕರಾರು ಅಸಿಂಧು. ಕಾನೂನುಬದ್ಧ ವಾರಸುದಾರರಿಗೆ ಅಥವಾ ವಸೂಲಾತಿ ಹಾಗೂ ಹಂಚಿಕೆಗಾಗಿ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು.

3. ಒಪ್ಪಂದದಲ್ಲಿ ಗಮನಿಸಬೇಕಾದವು

ಜಾಹೀರಾತು ಗೀತೆ ಬರೆಯಿಸುವ ಸಣ್ಣ ಉದ್ಯಮಿಗೂ ಈ ನಿಯಮಗಳು ಪ್ರಸ್ತುತ:

(ಅ) ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ವರ್ಗಾಯಿಸುವವರ ಸಹಿ ಹೊಂದಿರಬೇಕು.

(ಆ) ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಪರಿಗಣಿಸಲಾಗುವುದು.

(ಇ) ಬೇರೆ ಕರಾರು ಇಲ್ಲದಿದ್ದರೆ, ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದಲ್ಲಿ ಅದು ರದ್ದಾಗುತ್ತದೆ.

ಸಾಹಿತ್ಯ ಹಾಗೂ ಸಂಗೀತದ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ.

4. ಗೀತೆ ನುಡಿಸುವವರ ಹೊಣೆ

ತಟ್ಟೆ ಖರೀದಿಸಿದ ಮಾತ್ರಕ್ಕೆ, ಅಂತರಜಾಲ ಸೇವೆಗೆ ಚಂದಾ ಕಟ್ಟಿದ ಮಾತ್ರಕ್ಕೆ, ವ್ಯಾಪಾರಸ್ಥಳದಲ್ಲಿ ಸಾರ್ವಜನಿಕವಾಗಿ ನುಡಿಸುವ ಹಕ್ಕು ದೊರೆಯುವುದಿಲ್ಲ. ಪದ–ಸಂಗೀತದ ಪರವಾನಗಿಯನ್ನು 1969ರಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ ನೀಡುತ್ತದೆ. ಧ್ವನಿಮುದ್ರಣದ ಪರವಾನಗಿ ಪ್ರತ್ಯೇಕ. ಮದುವೆಯ ಮೆರವಣಿಗೆ ಹಾಗೂ ವಿವಾಹಸಂಬಂಧಿ ಸಮಾರಂಭಗಳಿಗೆ ಕಾಯಿದೆಯಲ್ಲೇ ವಿನಾಯಿತಿ ಇದೆ. ಹೋಟೆಲಿನ ಹೊಸವರ್ಷದ ಕೂಟಕ್ಕೆ ಅದು ಅನ್ವಯಿಸದು. ಉದ್ದೇಶಪೂರ್ವಕ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಅಕ್ಕಿ, ಬೇಳೆ ಸರಬರಾಜು ಮಾಡಿದವನಿಗೆ ಹಣ ಸಲ್ಲಿಸದೆ ಯಾವ ಹೋಟೆಲೂ ನಡೆಯದು. ಗಿರಾಕಿಯನ್ನು ಇನ್ನೊಂದು ಲೋಟ ಕಾಫಿಗಾಗಿ ಕೂರಿಸುವ ಗೀತೆಯೂ ಒಬ್ಬರ ದುಡಿಮೆಯ ಫಲ. ಪರವಾನಗಿ ಶುಲ್ಕವನ್ನು ವ್ಯಾಪಾರದ ಸಹಜ ವೆಚ್ಚವೆಂದು ಲೆಕ್ಕಪುಸ್ತಕದಲ್ಲಿ ಸೇರಿಸಿಕೊಳ್ಳುವುದು ವಿವೇಕವೂ ಹೌದು, ನ್ಯಾಯವೂ ಹೌದು.