ಪ್ಯಾಕೇಜ್ ಎಷ್ಟು ಅಂತ ಕೇಳುವ ಮೊದಲು

ಮಕ್ಕಳೇ, ದುಡ್ಡು ಬೇಡ ಎಂದು ಹೇಳಲು ನಾನು ಕೂತಿಲ್ಲ. ರೇಷನ್ ಅಕ್ಕಿಗೆ ಸಾಲು ನಿಂತು ಬೆಳೆದವರು ನಾವು. ಬಡತನದಲ್ಲೇ ಸುಖವಿತ್ತು ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಗೆ, ಔಷಧಿಗೆ, ತಲೆ ಮೇಲೊಂದು ಸೂರಿಗೆ ದುಡಿಯಲೇಬೇಕು. ನನ್ನ ಚಿಂತೆ ಅದರಾಚೆಯದು: ಇನ್ನಷ್ಟು ದುಡ್ಡಿನ ಹಿಂದೆ ಓಡುತ್ತ ಸುಖ ಕಳೆದುಕೊಳ್ಳುವುದು.

ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್‌ನನ್ನೂ ಈ ಚಿಂತೆ ಕಾಡಿತ್ತು. ‘ವೆಲ್ತ್ ಆಫ್ ನೇಷನ್ಸ್’ಗಿಂತ 17 ವರ್ಷ ಮೊದಲು, 1759ರಲ್ಲಿ ಬಂದ ಅವನ ಪುಸ್ತಕದಲ್ಲಿ ಒಬ್ಬ ಬಡವನ ಮಗ ಇದ್ದಾನೆ. ಸಿರಿವಂತರ ಗಾಡಿ, ಆಳುಕಾಳು ನೋಡಿ ಅವರಂತೆ ಆರಾಮವಾಗಿರಬೇಕೆಂದು ಹಗಲಿರುಳು ದುಡಿಯುತ್ತಾನೆ. ತನಗೆ ಕಂಡರಾಗದವರ ಮುಂದೆಲ್ಲ ಹಲ್ಲು ಗಿಂಜುತ್ತಾನೆ. ಮುದುಕನಾಗಿ ಮೈತುಂಬ ರೋಗ ಬಂದ ಮೇಲೆ, ಆ ಆರಾಮ ಮೊದಲೇ ಕೈಗೆಟಕುವಂತಿತ್ತು ಎಂದು ತಿಳಿಯುತ್ತದೆ. ಇಂಥ ಭ್ರಮೆಯಿಂದಲೇ ಜಗತ್ತಿನ ಉದ್ಯಮ ನಡೆಯುತ್ತದೆಂದೂ ಸ್ಮಿತ್ ಸೇರಿಸಿದ. ಜಗತ್ತಿಗೆ ಲಾಭವಾಗಲಿ, ಹುಡುಗನ ಗತಿ?

ನೀವೂ ಕೆಲಸ ಬದಲಿಸುವಾಗ ಪ್ಯಾಕೇಜ್ ಒಂದನ್ನೇ ನೋಡುತ್ತೀರಿ, ದಿನ ಹೇಗೆ ಕಳೆಯುತ್ತದೆಂದು ನೋಡುವುದಿಲ್ಲ. ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಂದ ಹಿಂದಿನ ದಿನದ ಒಂದೊಂದು ಹೊತ್ತನ್ನೂ ನೆನಪಿಸಿ ಬರೆಸಿದ್ದರು. 2004ರಲ್ಲಿ ಅದು ಪ್ರಕಟವಾಯಿತು. ಎಲ್ಲಕ್ಕಿಂತ ಬೇಸರದ ಹೊತ್ತುಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯೂ ಒಂದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಹತ್ತು ಸಾವಿರ ಜಾಸ್ತಿ ಎಂದರೆ ಊರಿನ ಆ ತುದಿಗೆ ಹೋಗಲು ಒಪ್ಪಿಬಿಡುತ್ತೀರಿ.

ಹೀಗೆ ಒಪ್ಪಿಸುವುದು ಬೇರೆಯವರೊಂದಿಗಿನ ಹೋಲಿಕೆ. ನಮ್ಮ ಕಾಲದಲ್ಲೂ ಅದಿತ್ತು: ಬೀದಿಗೊಂದು ಸ್ಕೂಟರ್ ಇರುತ್ತಿತ್ತು, ಅದರ ಮೇಲೆ ಎಲ್ಲರಿಗೂ ಹೊಟ್ಟೆಕಿಚ್ಚು. ಆದರೆ ಆ ಬೀದಿ ಸಣ್ಣದು.

ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲೇ ಎಚ್ಚರಿಸಿದ್ದರು: ಎರಡನೇ ಮಹಾಯುದ್ಧದ ನಂತರ ಅಲ್ಲಿನವರ ಆದಾಯ ಏರಿದಂತೆ ಸುಖ ಏರಲಿಲ್ಲ, ಏಕೆಂದರೆ ಜನ ತಮ್ಮ ಗಳಿಕೆಯನ್ನು ಅಕ್ಕಪಕ್ಕದವರ ಗಳಿಕೆಯೊಂದಿಗೆ ಹೋಲಿಸುತ್ತಾರೆ. ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರಿದ್ದಾರೆ, ಜಗಳ ಮುಗಿದಿಲ್ಲ. ಆದರೆ ನಿಮ್ಮ ಅಕ್ಕಪಕ್ಕ ಎಷ್ಟು ದೊಡ್ಡದಾಗಿದೆ ನೋಡಿ. ಪರಿಚಯವೇ ಇಲ್ಲದವರ ಗೃಹಪ್ರವೇಶ, ಮಾಲ್ಡೀವ್ಸ್ ಪ್ರವಾಸ ಎಲ್ಲ ಮಲಗುವ ಮುಂಚೆ ಮೊಬೈಲಿಗೆ ಬರುತ್ತದೆ.

ಮುಂದಿನ ಆಫರ್ ಬಂದಾಗ ಕಾಗದ ತಗೊಳ್ಳಿ. ಹೆಚ್ಚುವ ಸಂಬಳದ ಪಕ್ಕದಲ್ಲೇ ದಾರಿಯಲ್ಲಿ ಕಳೆಯುವ ಗಂಟೆ, ತಪ್ಪುವ ರಾತ್ರಿಯೂಟ, ಹೊಸ ಕಾರಿನ ಇಎಂಐ ಎಲ್ಲ ಬರೆಯಿರಿ. ಕಂತು ಶುರುವಾಗುವ ಮೊದಲೇ ಈ ಲೆಕ್ಕ ಹಾಕಿ. ತಿಂಗಳ 5ಕ್ಕೆ ಬ್ಯಾಂಕಿಗೆ ಕಟ್ಟಬೇಕಾದವರಿಗೆ ಕೆಲಸ ಬಿಡುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.