ಅಪ್ಪ ಗ್ರೂಪ್ ಬಿಟ್ಟರು

ಪ್ರಶ್ನೆ: ನನ್ನ ತಂದೆ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ತಾಲ್ಲೂಕು ಕಚೇರಿಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಕಾಗದವೂ ಮುಂದೆ ಹೋಗುತ್ತಿರಲಿಲ್ಲವಂತೆ. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ನ್ಯೂಸ್ ಚಾನೆಲ್ ಮುಂದೆ ಕೂತರೆ ರಾತ್ರಿ ಊಟದವರೆಗೂ ಅದೇ. ಆ್ಯಂಕರ್ ಕಿರುಚಿದರೆ ಇವರೂ ಕಿರುಚುತ್ತಾರೆ. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಿರುತ್ತಾರೆ. ಜಾಹೀರಾತು ಬಂದರೆ ಮೊಬೈಲ್ ಕೈಗೆ ಬರುತ್ತದೆ. ಬಂದ ಮೆಸೇಜುಗಳನ್ನು ಓದಿಯೋ ಓದದೆಯೋ ಎಲ್ಲರಿಗೂ ಕಳಿಸುತ್ತಾರೆ.

ಕಳೆದ ತಿಂಗಳು ನನ್ನ ಗಂಡನ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಬೆಳ್ಳುಳ್ಳಿ ಕುದಿಸಿದ ನೀರು ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ, ಆಪರೇಷನ್ ಬೇಡ ಎಂಬುದೊಂದನ್ನು ಹಾಕಿದರು. ನನ್ನ ಮೈದುನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕೂಡಲೇ ಫ್ಯಾಕ್ಟ್‌ಚೆಕ್ ಲಿಂಕ್ ಹಾಕಿ, ‘ಅಂಕಲ್, ಕಳಿಸೋ ಮುಂಚೆ ಒಂದ್ಸಲ ಗೂಗಲ್ ಮಾಡಿ’ ಎಂದು ಬರೆದ. ಅದರ ಕೆಳಗೆ ನಗುವ ಎಮೋಜಿಗಳ ಸಾಲು. ಅಪ್ಪ ಒಂದು ಮಾತೂ ಆಡದೆ ಗ್ರೂಪ್ ಬಿಟ್ಟರು. ಆಮೇಲೆ ನಾದಿನಿಯ ಮನೆಯ ಗೃಹಪ್ರವೇಶಕ್ಕೂ ಬರಲಿಲ್ಲ.

ಡಿಟಿಎಚ್ ನನ್ನ ನಂಬರಿನಲ್ಲೇ ಇದೆ. ಅವರಿಗೆ ಹೇಳದೆ ನ್ಯೂಸ್ ಚಾನೆಲ್‌ಗಳನ್ನು ತೆಗೆಸಿಬಿಡಲೇ? ನಾನಂತೂ ನ್ಯೂಸ್ ನೋಡುವುದನ್ನೇ ಬಿಟ್ಟಿದ್ದೇನೆ, ಬೇಕಾದ್ದು ಇನ್‌ಸ್ಟಾಗ್ರಾಮ್‌ನಲ್ಲಿ ಗೊತ್ತಾಗುತ್ತದೆ. ಅಪ್ಪನನ್ನು ಸರಿದಾರಿಗೆ ತರುವುದು ಹೇಗೆ?
— ಹೆಸರು, ಊರು ಬೇಡ

ಉತ್ತರ: ಚಾನೆಲ್ ತೆಗೆಸಬೇಡಿ. ಶಿರಸ್ತೇದಾರರಾಗಿದ್ದವರು ಒಂದೇ ದಿನದಲ್ಲಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಯಾರ ನಂಬರಿನಿಂದ, ಯಾವ ತಾರೀಖು, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಹೊರತೆಗೆಯುತ್ತಾರೆ. ಆಮೇಲೆ ನಿಮ್ಮ ಮನೆಗೂ ಬರುವುದಿಲ್ಲ. ಮೇಲಾಗಿ ಅವೇ ಚಾನೆಲ್‌ಗಳು ಯೂಟ್ಯೂಬಿನಲ್ಲಿ ಹಗಲೂ ರಾತ್ರಿ ಲೈವ್ ಇರುತ್ತವೆ. ಟೀವಿಯ ಕೂಗು ಹಾಲಿಗಷ್ಟೇ ಸೀಮಿತ, ಮೊಬೈಲಿಗೆ ಬಂದರೆ ಬಚ್ಚಲುಮನೆಯವರೆಗೂ ಹೋಗುತ್ತದೆ.

ಆ ಕೂಗಿನ ಲೆಕ್ಕ ಸ್ವಲ್ಪ ತಿಳಿದುಕೊಂಡರೆ ನಿಮ್ಮ ಕೋಪ ಅಪ್ಪನ ಮೇಲಿಂದ ಸರಿದು ಬೇರೆ ಕಡೆ ಹೋದೀತು. ಕೇಬಲ್ ಟೀವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಅಂದರೆ ದಿನಕ್ಕೆ ಹತ್ತೊಂಬತ್ತು ಗಂಟೆಯಷ್ಟು ಸುದ್ದಿ ಬೇಕು. ಇಡೀ ಕರ್ನಾಟಕ ಮೈಮುರಿದು ದುಡಿದರೂ ದಿನಕ್ಕೆ ಅಷ್ಟು ಸುದ್ದಿ ಹುಟ್ಟುವುದಿಲ್ಲ. ಹಾಗಾಗಿ ಗ್ರಹಣದ ದಿನ ಹನ್ನೆರಡು ರಾಶಿಗೂ ಪಾಳಿ ಪ್ರಕಾರ ಕಂಟಕ, ಜೈಲಿನಲ್ಲಿರುವ ನಟ ಬೆಳಿಗ್ಗೆ ಉಪ್ಪಿಟ್ಟು ತಿಂದರೋ ಬಿಟ್ಟರೋ ಎಂಬುದರ ಮೇಲೆ ನಾಲ್ಕು ಜನರ ಚರ್ಚೆ.

ಇಷ್ಟೆಲ್ಲ ಯಾರಿಗಾಗಿ? ನಿಮ್ಮ ತಂದೆಗಾಗಿಯಂತೂ ಇರಲಾರದು. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆ ಮೀಟರ್ ಇಟ್ಟಿದ್ದು, 2025ರ ಲೆಕ್ಕದಂತೆ, ದೇಶದ ಸುಮಾರು 58 ಸಾವಿರ ಮನೆಗಳಲ್ಲಿ. ಟೀವಿ ಇರುವ ಮನೆಗಳೋ, ಅದೇ ಸಂಸ್ಥೆಯ 2020ರ ಅಂದಾಜಿನಂತೆ, 21 ಕೋಟಿ. ಹೆಚ್ಚೂಕಡಿಮೆ ಮೂರೂವರೆ ಸಾವಿರ ಮನೆಗೆ ಒಂದು ಮೀಟರ್. ನಿಮ್ಮಪ್ಪ ರೆಪ್ಪೆ ಮಿಟುಕಿಸದೆ ನೋಡಿದರೂ ಆ ನಿಷ್ಠೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ರೇಟಿಂಗ್ ತಿರುಚಿದ ಆರೋಪ ಬಂದು 2020ರ ಅಕ್ಟೋಬರ್‌ನಲ್ಲಿ ನ್ಯೂಸ್ ಚಾನೆಲ್‌ಗಳ ವಾರದ ಅಂಕಿ ನಿಲ್ಲಿಸಿದರು, ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಅಂಕಿ ಇಲ್ಲದ ಆ ಕಾಲದಲ್ಲೂ ಸದ್ದು ಕಡಿಮೆಯಾದದ್ದು ನನ್ನ ಕಿವಿಗಂತೂ ಬೀಳಲಿಲ್ಲ. ಇದನ್ನೆಲ್ಲ ಅಪ್ಪನಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ.

ಈಗ ಬೆಳ್ಳುಳ್ಳಿಗೆ ಬರೋಣ. ನಿಮ್ಮ ಮೈದುನ ಹೇಳಿದ್ದು ಸರಿ, ಹೇಳಿದ ಜಾಗ ಸರಿಯಿಲ್ಲ. ಹೆಣ್ಣು ಕೊಟ್ಟವರು ಎಂಬ ಸಂಕೋಚ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಬೀಗರ ಗ್ರೂಪಿನಲ್ಲಿ ಕೂತ ಹೆಣ್ಣಿನ ತಂದೆ ಬೀಗರ ಪಂಕ್ತಿಯಲ್ಲಿ ಕೂತಂತೆಯೇ ಕೂತಿರುತ್ತಾರೆ, ಎಲೆಯ ಮೇಲೆ ಏನು ಬಡಿಸಿದರೂ ಸಾಕು ಸಾಕು ಎನ್ನುತ್ತ. ಅಲ್ಲಿಗೆ ಅವರು ಕಳಿಸುತ್ತಿದ್ದ ಮೆಸೇಜುಗಳ ಅರ್ಥ ಇಷ್ಟೇ: ನಾನಿದ್ದೇನೆ, ನೀವೆಲ್ಲ ಚೆನ್ನಾಗಿದ್ದೀರಾ? ಬೀಗರಿಗೆ ದಿನಾ ಫೋನ್ ಮಾಡಲು ವಿಷಯವಾದರೂ ಎಲ್ಲಿಂದ ಬರಬೇಕು? ಬೆಳ್ಳುಳ್ಳಿ ಆ ಕೆಲಸ ಮಾಡುತ್ತಿತ್ತು. ಅದಕ್ಕೆ ಉತ್ತರವಾಗಿ ಲಿಂಕ್ ಬಂತು.

‘ಆ ತಲೆಮಾರೇ ಹೀಗೆ’ ಎಂದು ನಿಮ್ಮ ಗಂಡ ಹೇಳುತ್ತಿರಬಹುದು. ಒಪ್ಪಬೇಡಿ. ತೊಂಬತ್ತರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕಾಗಿ ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಾಗ ಜನರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಇನ್ನು 2016ರ ನವೆಂಬರ್‌ನಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೆಲದಡಿ 120 ಮೀಟರ್ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಸುದ್ದಿ ಎದ್ದಾಗ ಅದನ್ನು ಗ್ರಾಫಿಕ್ಸ್ ಸಮೇತ ವಿವರಿಸಿದವರಲ್ಲಿ ಇಂಗ್ಲಿಷ್ ಓದಿದ, ಕೋಟು ಹಾಕಿದ ಆ್ಯಂಕರ್‌ಗಳೂ ಇದ್ದರು. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಆ ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ಪಡೆಯಿತು. ಚಿಪ್ ಏನಾಯಿತೆಂದು ಅವರಲ್ಲಿ ಯಾರೂ ಹೇಳಿದ್ದು ಕಾಣೆ.

ಎಲ್ಲ ಸುಳ್ಳಿಗೂ ಒಂದೇ ತೂಕವಿಲ್ಲ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಅತ್ಯುತ್ತಮ ಎಂದು ಯುನೆಸ್ಕೊ ಘೋಷಿಸಿದೆ ಎಂಬ ಮೆಸೇಜ್ ಸುಳ್ಳು. ಅದು ವರ್ಷಕ್ಕೆರಡು ಸಲ ಬರುತ್ತದೆ, ಬರಲಿ, ಕೈ ಮುಗಿದು ಸುಮ್ಮನಿರಿ. ಆದರೆ 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಮತ್ತು ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ರೈಲು ನಿಲ್ದಾಣದಲ್ಲಿ ಗಂಟುಮೂಟೆ ಸಮೇತ ನೆರೆದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಬಲ್ಕ್ ಎಸ್ಸೆಮ್ಮೆಸ್‌ಗೆ ಕೇಂದ್ರ ಸರ್ಕಾರ ಹದಿನೈದು ದಿನ ತಡೆ ಹಾಕಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದವರ ಕಾರನ್ನು ಅಡ್ಡಗಟ್ಟಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ಮಾಡಿದ ತಪ್ಪೆಂದರೆ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಒಂದು ಮೆಸೇಜನ್ನು ಒಂದೇ ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡಲಾಗದಂತೆ ಭಾರತದಲ್ಲಿ ವಾಟ್ಸ್‌ಆ್ಯಪ್ ಮಿತಿ ಪ್ರಕಟಿಸಿದ್ದು ಅದೇ ತಿಂಗಳು.

ಈ ಎರಡನೆಯ ಜಾತಿಯದು ಅಪ್ಪನಿಂದ ಬಂದರೆ ಆ ಕ್ಷಣವೇ ಫೋನ್ ಮಾಡಿ. ಮಗಳಾಗಿ ಹಟ ಮಾಡಿ, ಮೆಸೇಜ್ ಅಳಿಸುವವರೆಗೆ ಫೋನ್ ಇಡಬೇಡಿ. ಮೊದಲನೆಯ ಜಾತಿಯದಕ್ಕೆಲ್ಲ ಜಗಳ ಕಾಯುತ್ತ ಕೂತರೆ ಈ ಒಂದು ದಿನ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಬೆಳ್ಳುಳ್ಳಿ ನೀರು? ಅದು ನಡುವೆ ನಿಂತಿದೆ. ಕುಡಿಯುವವರು ಕುಡಿಯಲಿ, ಸಾರಿಗೂ ಹಾಕಲಿ. ‘ಆಪರೇಷನ್ ಬೇಡ’ ಎಂಬ ಬಾಲ ಮಾತ್ರ ಅಪಾಯದ್ದು. ಆ ಬಾಲದ ಬಗ್ಗೆ ಅಪ್ಪನ ಹತ್ತಿರ ನೀವು ಒಬ್ಬರೇ ಇದ್ದಾಗ ಮಾತಾಡಬೇಕಿತ್ತು. ಈಗಲೂ ಮಾತಾಡಬಹುದು.

ಹೇಗೆ ಮಾತಾಡುವುದು? ಫ್ಯಾಕ್ಟ್‌ಚೆಕ್ ಎನ್ನಬೇಡಿ. ಅವರ ಇಲಾಖೆಯ ಮಾತಿನಲ್ಲೇ ಕೇಳಿ. ಪಹಣಿ, ಮ್ಯುಟೇಶನ್, ಮೂಲ ಕಡತ ನೋಡದೆ ಷರಾ ಬರೆಯದಿದ್ದ ಮನುಷ್ಯ ಅವರು. ಒಂದು ಭಾನುವಾರ ಊರಿಗೆ ಹೋದಾಗ ಅವರ ಮೊಬೈಲಿನಲ್ಲೇ ಒಂದು ಮೆಸೇಜ್ ತೆರೆದು ಮೇಲೆ ಕಾಣುವ ಜೋಡಿ ಬಾಣದ ಗುರುತು ತೋರಿಸಿ. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಆ ಗುರುತು. ‘ಅಪ್ಪಾ, ಐದು ಟೇಬಲ್ ದಾಟಿ ಬಂದಿದೆ, ಒಂದು ಕಡೆಯೂ ಸಹಿ ಇಲ್ಲ, ತಾರೀಖಿಲ್ಲ, ಮೊಹರಿಲ್ಲ. ನಿಮ್ಮ ಆಫೀಸಿಗೆ ಇಂಥದ್ದು ಬಂದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ಸುಮ್ಮನಾಗಿ. ಉತ್ತರ ಅವರಿಗೆ ಗೊತ್ತು, ಮೂವತ್ತು ವರ್ಷ ಸಂಬಳ ತೆಗೆದುಕೊಂಡಿದ್ದೇ ಅದಕ್ಕೆ. ನಿಮಗೆ ಅನುಮಾನ ಬಂದ ಮೆಸೇಜುಗಳನ್ನೂ ಆಗಾಗ ಅವರಿಗೇ ಕಳಿಸಿ, ಪರಿಶೀಲಿಸಿ ತಿಳಿಸಿ ಎನ್ನಿ. ನಿಧಾನಕ್ಕೆ ಹೇಳಲಿ. ತಾಲ್ಲೂಕು ಕಚೇರಿಯ ವೇಗ ಇಂಥ ಕೆಲಸಕ್ಕೆ ಒಳ್ಳೆಯದೇ.

ಅದೇ ಭಾನುವಾರ ಇನ್ನೊಂದು ಕೆಲಸ ಮುಗಿಸಿ. ಸಮವಸ್ತ್ರ ತೊಟ್ಟವರು ವಿಡಿಯೊ ಕಾಲ್ ಮಾಡಿ, ನಿಮ್ಮ ಆಧಾರ್ ಯಾವುದೋ ಕೇಸಿನಲ್ಲಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದರೆ ಫೋನ್ ಕಟ್ ಮಾಡಬೇಕೆಂದು ಹೇಳಿ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಯನ್ನು ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಸರ್ಕಾರಿ ನೌಕರಿ ಮಾಡಿದವರಿಗೆ ಮೇಲಧಿಕಾರಿಯ ದನಿ ಕೇಳಿದರೆ ಎದ್ದು ನಿಲ್ಲುವ ಅಭ್ಯಾಸ ಇರುತ್ತದೆ. ನನಗೆ ಬೆಳ್ಳುಳ್ಳಿಗಿಂತ ಹೆಚ್ಚಿನ ಚಿಂತೆ ಇದರದ್ದು.

ಇನ್ನು ನೀವು. ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲ ಗೊತ್ತಾಗುತ್ತದೆ ಎಂದಿರಿ. ಅಪ್ಪನಿಗೆ ಸುದ್ದಿ ಹೇಳುವವನು ಕೋಟು ಹಾಕಿಕೊಂಡು ಅರ್ಧ ಗಂಟೆ ಕೂಗುತ್ತಾನೆ, ನಿಮಗೆ ಹೇಳುವವನು ಟೀಶರ್ಟ್ ಹಾಕಿಕೊಂಡು ಅರ್ಧ ನಿಮಿಷದಲ್ಲಿ ಮುಗಿಸುತ್ತಾನೆ, ಹಿಂದೆ ಹಾಡೂ ಇರುತ್ತದೆ. ಜೋಡಿ ಬಾಣದ ಗುರುತು ಕೂಡ ಅಲ್ಲಿಲ್ಲ. ಸರಿದಾರಿ ಎಂಬ ಮಾತನ್ನು ಅಪ್ಪನ ಎದುರು ಬಳಸದಿದ್ದರೆ ಕ್ಷೇಮ.

ಕೊನೆಯದಾಗಿ ಮೈದುನನ ವಿಷಯ. ಗ್ರೂಪಿನಲ್ಲೇ ‘ಸಾರಿ ಅಂಕಲ್’ ಎಂದು ಹಾಕಿಸಬೇಡಿ, ಅದಕ್ಕೂ ಎಮೋಜಿ ಬೀಳುತ್ತವೆ. ಅವನು ಒಬ್ಬನೇ ಊರಿಗೆ ಹೋಗಲಿ, ಲ್ಯಾಪ್‌ಟಾಪ್ ತೆಗೆದುಕೊಂಡು. ಯಾವುದಾದರೂ ಕಾರ್ಯಕ್ರಮ ಅತಿಯಾಯಿತು ಎನಿಸಿದರೆ ಆ ವಾಹಿನಿಗೆ ಲಿಖಿತ ದೂರು ಕೊಡುವ ಅವಕಾಶ ವೀಕ್ಷಕರಿಗಿದೆ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೀವಿ ನಿಯಮದಂತೆ ವಾಹಿನಿ 15 ದಿನದೊಳಗೆ ತೀರ್ಮಾನ ತಿಳಿಸಬೇಕು, ಸಮಾಧಾನವಾಗದಿದ್ದರೆ ಮೇಲಿನ ಹಂತಕ್ಕೆ ಹೋಗಬಹುದು. ನಿಮ್ಮ ಎರಡೂ ಮನೆಗಳಲ್ಲಿ ಯಾವ ಕಾರ್ಯಕ್ರಮ, ಯಾವ ದಿನ, ಎಷ್ಟು ಗಂಟೆಗೆ ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ಒಬ್ಬರೇ. ವಿಷಯ, ಉಲ್ಲೇಖ, ಜ್ಞಾಪನ ಎಂದು ಬರೆಯಲು ಬರುವುದೂ ಅವರಿಗೊಬ್ಬರಿಗೇ. ಕರಡು ಅವರು ಹೇಳಲಿ, ಟೈಪಿಂಗ್ ಮೈದುನನದು. ಕಾಗುಣಿತ ತಪ್ಪಿದರೆ ಬೈಸಿಕೊಳ್ಳಲಿ. ಹಾಗೇ ಅಂಕಲ್ ಎನ್ನುವುದನ್ನು ಬಿಟ್ಟು ಮಾವ ಎನ್ನಲು ಹೇಳಿ.