‘ಆಟ’ ಎಂಬ ಒಂದು ಮಾತು

ನಮ್ಮ ನುಡಿಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಬಡ್ಡಿಯೂ ಆಟವೇ, ಬಯಲಾಟವೂ ಆಟವೇ. ನೆರೆಯ ತಮಿಳು, ತೆಲುಗುಗಳಲ್ಲಿಯೂ ಇದೇ ಬಳಕೆಯಿದೆ. ಈ ಎರಡು ಆಟಗಳೂ ಬಹುಕಾಲ ಹೆಣ್ಣುಮಕ್ಕಳಿಗೆ ನಿಷಿದ್ಧವಾಗಿದ್ದವು. ನಾಲ್ಕು ಜನರೆದುರು ಕುಣಿಯುವುದೂ ಓಡುವುದೂ ಮರ್ಯಾದಸ್ಥರಿಗೆ ತಕ್ಕುದಲ್ಲವೆಂಬುದು ಎರಡು ಕಡೆಯೂ ಕೇಳಿಬರುತ್ತಿದ್ದ ಆಕ್ಷೇಪಣೆ.

ಮೊದಲು ರಂಗವನ್ನು ನೋಡೋಣ. ವೃತ್ತಿ ನಾಟಕ ಕಂಪನಿಗಳ ಆರಂಭಕಾಲದಲ್ಲಿ ಸ್ತ್ರೀಪಾತ್ರಗಳನ್ನೂ ಪುರುಷರೇ ವಹಿಸುತ್ತಿದ್ದರು. 1958ರಲ್ಲಿ ಆರ್. ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ಭೀಮರ ಪಾತ್ರಗಳನ್ನು ತಾವೇ ಧರಿಸಿ ಗರ್ಜಿಸಿದರು.

ಇನ್ನು ಕ್ರೀಡಾಂಗಣ. ಸ್ವತಂತ್ರ ಭಾರತದ ಮಹಿಳೆಯರು ಮೊದಲಿಗೆ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು 1952ರ ಹೆಲ್ಸಿಂಕಿಯಲ್ಲಿ. ಬೆಂಗಳೂರಿನ ಬ್ರಿಟ್ಟೊ ಸಹೋದರಿಯರು ಮೂವರೂ ಹಾಕಿಪಟುಗಳು. ಅವರಲ್ಲಿ ಎಲ್ವೆರಾ ಬ್ರಿಟ್ಟೊ ಮೈಸೂರು ತಂಡದ ನಾಯಕಿಯಾಗಿ, 1965ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಪಂದ್ಯವನ್ನು 1976ರಲ್ಲಿ ಆಡಿದ್ದು ನಮ್ಮ ಹೊಸೂರಿಗೆ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿಯೇ. ನಾಯಕಿ ಶಾಂತಾ ರಂಗಸ್ವಾಮಿ. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಶತಕ ಬಾರಿಸಿ, ಟೆಸ್ಟ್‌ನಲ್ಲಿ ಆ ಸಾಧನೆ ಮಾಡಿದ ಭಾರತದ ಮೊದಲ ಮಹಿಳೆಯೆನಿಸಿದರು. ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ 1991ರ ತೆಲುಗು ಚಿತ್ರ ‘ಅಶ್ವಿನಿ’ಯಲ್ಲಿ ತಾವೇ ನಾಯಕಿಯಾಗಿ ನಟಿಸಿದರು. ಎರಡು ಆಟಗಳೂ ಅಲ್ಲಿ ಒಂದಾದವು.

ಇಂಥವರ ಜೀವನವೇ ಶಾಲಾ ಸಂಗೀತ ನಾಟಕಕ್ಕೆ ಉತ್ತಮ ವಸ್ತುವೆಂದು ನನ್ನ ಅಭಿಪ್ರಾಯ. ಒಬ್ಬೊಬ್ಬರಿಗೂ ಒಂದು ದೃಶ್ಯ, ಒಂದು ಹಾಡು ಸಾಕು. ಮೊದಲು ಆಕ್ಷೇಪಿಸುವ ಊರ ಜನರಾಗಿ ಹಾಡಿದ ಹಿಮ್ಮೇಳವೇ ಕಡೆಗೆ ಅವರ ಗೆಲುವನ್ನು ಕೊಂಡಾಡಲಿ.

ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಎಂಟನೆಯ ತರಗತಿ ದಾಟಿದ ಮೇಲೆ ಓಟದ ಸ್ಪರ್ಧೆಗೆ ಹೆಸರು ಕೊಡುವ ಹುಡುಗಿಯರು ವಿರಳವಾಗುವುದನ್ನು ನನ್ನ ಸೇವಾವಧಿಯಲ್ಲಿ ಪ್ರತಿವರ್ಷವೂ ಕಂಡಿದ್ದೇನೆ. ಕಾಲಿನಲ್ಲಿ ಶಕ್ತಿಯಿರಲಿಲ್ಲವೆಂದಲ್ಲ, ಮನೆಯ ಅಪ್ಪಣೆಯಿರಲಿಲ್ಲ. ವಾರ್ಷಿಕೋತ್ಸವದ ನಾಟಕಕ್ಕಾದರೋ ತಾಯ್ತಂದೆಯರು ಸಂತೋಷದಿಂದ ಕಳುಹಿಸುತ್ತಿದ್ದರು. ಓಟಗಾರ್ತಿಯ ಪಾತ್ರ ವಹಿಸುವವಳು ಓಡಿ ಕಲಿಯಬೇಕು. ಹಾಕಿ ಆಟಗಾರ್ತಿಯಾಗುವವಳು ಕೋಲು ಹಿಡಿದು ಅಂಗಳಕ್ಕಿಳಿಯಬೇಕು. ನಾಟಕದ ನೆವದಿಂದ ತೆರೆದ ಆ ಬಾಗಿಲನ್ನು, ತೆರೆ ಬಿದ್ದ ಮೇಲೆ ಮುಚ್ಚದಿರುವುದು ಉಪಾಧ್ಯಾಯರ ಕೆಲಸ, ಪಾಲಕರ ಕೆಲಸ.

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು, ವಿಶೇಷವಾಗಿ ವಿದ್ಯಾರ್ಥಿನಿಯರು, ಇಂಥದೊಂದು ನಾಟಕವನ್ನು ಕನ್ನಡದಲ್ಲಿ ರಚಿಸಿ ಶಾಲೆಗೆ ಅರ್ಪಿಸಲೆಂದು ಹಾರೈಸುತ್ತೇನೆ.